ಆರುವವರೆಗೂ

ನಮ್ಮ ಊರಿಗೆ ಹೊಸದಾಗಿ ಬರುವ ಹೆಂಗಸರು ತಪ್ಪದೆ ಮಾಡುವ ಒಂದು ತಪ್ಪಿದೆ. ನವಿಲಿನ ಕತ್ತಿನ ಬಣ್ಣದ ಸೀರೆ ಉಟ್ಟುಕೊಂಡು ಬಂದುಬಿಡುತ್ತಾರೆ. ಪಾಪ, ಅವರಿಗೇನು ಗೊತ್ತು. ಬೇರೆ ಕಡೆ ಆ ಬಣ್ಣ ನೋಡಿ ಕಣ್ಣು ತುಂಬಿತು ಅನ್ನುತ್ತಾರಂತೆ. ನಮ್ಮಲ್ಲಿ ಅದನ್ನು ಕಂಡವರು ಥೂ ಥೂ ಎಂದು ಬಾಗಿಲು ಎಳೆದುಕೊಳ್ಳುತ್ತಾರೆ. ಮನೆಯ ಪೊರೆ ಮಲಗಿಬಿಟ್ಟಾಗ ಬರುವ ಬಣ್ಣ ಅದು. ಅತ್ತಿಂದ ನೋಡಿದರೆ ನೀಲಿ, ಇತ್ತಿಂದ ನೋಡಿದರೆ ಹಸಿರು, ಓರೆಯಾಗಿ ನೋಡಿದರೆ ಬದನೆಕಾಯಿಯ ನೇರಳೆ. ಎಷ್ಟು ಚಂದವೋ ಅಷ್ಟೇ ಕೇಡು. ನಾನು ಆ ಬಣ್ಣವನ್ನು ನನ್ನ ಮನೆಯಲ್ಲಿ ಎರಡು ಸಲ ನೋಡಿದ್ದೇನೆ.

ಪೊರೆ ಎಂದರೆ ಬಿಂದಿಗೆಯ ಬಾಯಿಗೆ ಇಡುವ ಪೊರೆ. ನಮ್ಮ ಕೆರೆಯ ನೀರಿನಲ್ಲಿ ಕನಸು ಕದಡಿಕೊಂಡಿದೆ. ಊರಿನವರು ಕಂಡು ಮರೆತದ್ದೆಲ್ಲ ಬೆಳಗಾಗುವುದರೊಳಗೆ ಹರಿದುಹೋಗಿ ಅಲ್ಲಿ ಸೇರುತ್ತದೆ. ಸೋಸದೆ ಕುಡಿದರೆ ಕಂಡವರ ಕನಸೆಲ್ಲ ನಮ್ಮ ತಲೆಗೆ. ಬಟ್ಟೆಯಲ್ಲಿ ಸೋಸಿದರೆ ಪಾಚಿ ಹೋದೀತು, ಕನಸು ಹೋಗುವುದಿಲ್ಲ. ಅದಕ್ಕೆ ನಮ್ಮೂರ ಪೊರೆಗಾರ ಅಂಕಣ್ಣ ಹೊಯ್ದ ಪೊರೆಯೇ ಆಗಬೇಕು. ಹಾಲಿನ ಕೆನೆಗಿಂತ ತೆಳು, ಊದಿದರೆ ನಡುಗುತ್ತದೆ. ಅದರೊಳಗೆ ಇರುವುದು ಎರಡೇ ಬಗೆಯ ಎಳೆ, ಒಂದು ಎಣ್ಣೆಯ ಜಾತಿ, ಇನ್ನೊಂದು ಸೀಗೆಯ ಜಾತಿ. ಎಣ್ಣೆ ಸೀಗೆಕಾಯಿ ಎಂದ ಮೇಲೆ ಕೇಳಬೇಕೆ, ಒಂದಕ್ಕೊಂದು ಕಂಡರಾಗದು. ಹಾಗೇ ಬಿಟ್ಟರೆ ಅದು ಆ ಮೂಲೆಗೆ, ಇದು ಈ ಮೂಲೆಗೆ. ಆದರೆ ಅಂಕಣ್ಣ ಒಂದೊಂದು ಎಳೆಯ ಬಾಲಕ್ಕೂ ಇನ್ನೊಂದರ ಬಾಲವನ್ನು ಗಂಟು ಹಾಕಿರುತ್ತಾನೆ. ಕೂಡಲಾರವು, ಅಗಲಲಾರವು. ಕೊನೆಗೆ ಬೇರೆ ದಾರಿ ಕಾಣದೆ ಗೆರೆ ಎಳೆದುಕೊಳ್ಳುತ್ತವೆ, ಎಣ್ಣೆಯದೊಂದು, ಸೀಗೆಯದೊಂದು, ಮತ್ತೆ ಎಣ್ಣೆಯದೊಂದು. ಕೂದಲನ್ನು ಸಾವಿರ ಸಲ ಸೀಳಿದರೆ ಎಷ್ಟೋ, ಅಷ್ಟು ಸಣ್ಣ ಗೆರೆ. ನೋಡಿದವರಿಲ್ಲ. ಆದರೆ ನೀರಿಗೆ ಗೊತ್ತಾಗುತ್ತದೆ. ಗೆರೆಗಳು ನೆಟ್ಟಗೆ ನಿಂತಿದ್ದರೆ ನೀರು ಸಂದಿಯಲ್ಲಿ ಇಳಿದು ಬಿಂದಿಗೆಗೆ ಬೀಳುತ್ತದೆ, ಕನಸು ಮೇಲೆಯೇ ಉಳಿಯುತ್ತದೆ. ಚಾಪೆಯ ಮೇಲೆ ಚಾಪೆ ಹಾಸಿದಂತೆ ಮಲಗಿಬಿಟ್ಟರೆ ಒಂದು ಹನಿಯೂ ಇಳಿಯುವುದಿಲ್ಲ.

ಆ ಗೆರೆಗಳೋ ಮಹಾ ಸೋಮಾರಿಗಳು. ಇವತ್ತು ನಿಲ್ಲಿಸಿದರೆ ನಾಳೆಗೆ ವಾಲುತ್ತವೆ, ಒಂದು ದಿನ ತಪ್ಪಿದರೆ ಮಲಗಿಯೇಬಿಡುತ್ತವೆ. ಅದಕ್ಕೇ ದಿನಾ ಸೆಳೆಹೊತ್ತು. ಬಿಸಿಲು ಇಳಿದು ನೆರಳು ಆಳುದ್ದಕ್ಕೆ ಬಂದಾಗ ನಮ್ಮ ಆಕಾಶ ಮೇಲಕ್ಕೆ ಸೆಳೆಯುತ್ತದೆ. ತೋಳಿನ ರೋಮವೆಲ್ಲ ಎದ್ದು ನಿಲ್ಲುತ್ತದೆ. ಬೆಕ್ಕುಗಳು ಮುನಿಸಿಕೊಂಡು ಒಲೆಯ ಹಿಂದೆ ಸೇರುತ್ತವೆ. ಕ್ಷೌರದವನು ಕತ್ತಿ ಕೆಳಗಿಟ್ಟು, ಅರ್ಧ ಗಡ್ಡದ ಗಿರಾಕಿಯ ಜೊತೆ ಸುಮ್ಮನೆ ಕೂರುತ್ತಾನೆ. ಬೀದಿಯಲ್ಲಿದ್ದವರು ಇದ್ದಲ್ಲೇ ನಿಲ್ಲಬೇಕು, ಹೆಜ್ಜೆ ಎತ್ತಬಾರದು. ನಡೆದರೆ ದಾರಿಯ ಮನೆಗಳ ಪೊರೆಯೆಲ್ಲ ಅಲುಗುತ್ತದೆ ಎನ್ನುತ್ತಾರೆ. ಮನೆಯಲ್ಲಿದ್ದವರೊಬ್ಬರು ಹಿತ್ತಿಲ ಜಗಲಿಯಲ್ಲಿ ತಟ್ಟೆಗೆ ಕೈ ಕೊಡಬೇಕು. ತೂತು ತೂತಿನ ತಾಮ್ರದ ತಟ್ಟೆಯ ಮೇಲೆ ಪೊರೆ, ಅದರ ಕೆಳಗೆ ಬಟ್ಟಲಲ್ಲಿ ಒಂದು ಹಿಡಿ ಕೆಂಡ, ಮೇಲೆ ಎಳೆಯಷ್ಟು ಸಂದು ಬಿಟ್ಟು ಇನ್ನೊಂದು ತಟ್ಟೆ. ಆ ಮೇಲಿನ ತಟ್ಟೆಗೆ ಅಂಗೈ ಊರಿ ನಿಂತರೆ ಆಕಾಶದ ಸೆಳೆತ ಮೈಯೊಳಗಿಂದ ಇಳಿದು ಪೊರೆಗೆ ಮುಟ್ಟುತ್ತದೆ. ಬಿಸಿಗೆ ಮೆತ್ತಗಾದ ಗೆರೆಗಳು ಗೊಣಗುತ್ತ ಎದ್ದು ನಿಲ್ಲುತ್ತವೆ. ಆಮೇಲೆ ಕೆಂಡದ ಬಟ್ಟಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಪೊರೆ ಆರುವವರೆಗೂ ಕೈ ತೆಗೆಯದೆ ನಿಲ್ಲಬೇಕು. ಆರುವ ಮುಂಚೆ ಕೈ ಎತ್ತಿದರೆ ಧಡ್ಡನೆ ಮಲಗಿಬಿಡುತ್ತವೆ. ಹಾಗೆ ಮಲಗಿ ಆರಿದ ಪೊರೆ ಮತ್ತೆ ಏಳುವುದಿಲ್ಲ. “ಬಿಸಿ ಮುಟ್ಟಿಸ್ದೆ ಮಾತು ಕೇಳಲ್ಲ, ಆರೋಗಂಟ ಕೈ ಬಿಡಂಗಿಲ್ಲ” ಎಂದು ಅಂಕಣ್ಣ ಪೊರೆ ಕೊಡುವಾಗಲೆಲ್ಲ ಹೇಳುತ್ತಾನೆ. ಊರಿನ ಮಕ್ಕಳು ಮಗ್ಗಿಗಿಂತ ಮೊದಲು ಅದನ್ನು ಕಲಿಯುತ್ತವೆ.

ಒಂದು ಮನೆಗೆ ಎರಡೇ ಪೊರೆ. ಮೂರನೆಯದನ್ನು ಅಂಕಣ್ಣ ಹೊಯ್ಯುವುದಿಲ್ಲ, ಅವನ ಅಪ್ಪನೂ ಹೊಯ್ಯಲಿಲ್ಲ. ಎರಡೂ ಹೋದವರು ಕೆರೆಯ ನೀರನ್ನು ಹಾಗೆಯೇ ಕುಡಿಯಬೇಕು. ಅಂಥ ಮನೆಗಳು ಆಗ ಎರಡಿದ್ದವು, ಈಗ ಮೂರು. ಅಲ್ಲಿಯವರು ಯಾರದೋ ಮದುವೆಯ ಊಟ ಮಾಡಿ, ಯಾರದೋ ಬಾವಿಗೆ ಬಿದ್ದು ಬೆಳಿಗ್ಗೆ ಏಳುತ್ತಾರೆ. ಕೆಲವು ವರ್ಷ ಕಳೆದರೆ ತಮ್ಮದು ಯಾವುದು, ಕಂಡವರದು ಯಾವುದು ತಿಳಿಯದಾಗುತ್ತದೆ. ಕೊನೆಯ ಮನೆಯ ರಂಗಮ್ಮ ತಾನು ಹೆರದೇ ಇದ್ದ ಮಗುವನ್ನು ಹುಡುಕಿಕೊಂಡು ಬಾಗಿಲಿಗೆ ಬರುತ್ತಿದ್ದಳು. ಅವಳನ್ನು ನೋಡಿದಾಗಲೆಲ್ಲ ನಾನು ತಟ್ಟೆಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದೆ.

ನನ್ನ ಹೆಸರು ಹೊನ್ನಾಜಿ. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು ತಂಗಿ ಕೆಂಪಾಜಿ. ನಮ್ಮಲ್ಲಿ ತಟ್ಟೆ ಹೆಣ್ಣುಮಕ್ಕಳ ಪಾಲು, ಗಂಡನಾದವನೇ ತಟ್ಟೆ ಇದ್ದಲ್ಲಿಗೆ ಬರಬೇಕು. ನನಗೆ ಬಂದವನು ಎರಡು ವರ್ಷ ಇದ್ದು, ದಿನಾ ಮೈ ಜುಮ್ಮೆನ್ನುವುದನ್ನು ತಡೆಯಲಾರೆ ಎಂದು ಹೊರಟುಹೋದ. ಕೆಂಪಾಜಿಗೆ ಬಂದವನೇ ಇಲ್ಲ. ನಾನು ಊಟದೆಲೆಗೆ ಮುತ್ತುಗದ ಎಲೆ ಹಚ್ಚುತ್ತೇನೆ, ಅವಳು ಹೂಬತ್ತಿ ಹೊಸೆಯುತ್ತಾಳೆ. ಒಂದೇ ಮನೆ, ಒಂದೇ ಒಲೆ, ಒಂದೇ ಬಿಂದಿಗೆ. ಹನ್ನೊಂದು ವರ್ಷ ಮಾತಿರಲಿಲ್ಲ.

ಮಾತಿರಲಿಲ್ಲ ಎಂದರೆ ಒಬ್ಬರಿಗೊಬ್ಬರು ಆಡುತ್ತಿರಲಿಲ್ಲ, ಅಷ್ಟೆ. ಇಬ್ಬರೂ ಬಿಂದಿಗೆಯ ಜೊತೆ ಆಡುತ್ತಿದ್ದೆವು. ಅವಳು ತುತ್ತು ಬಾಯಿಗಿಟ್ಟು, “ಸಾರಿಗೆ ಉಪ್ಪು ಜಾಸ್ತಿ ಆಯ್ತು ಕಣಪ್ಪ ಬಿಂದಿಗೆ” ಎನ್ನುವಳು. ನಾನು, “ನಾಲಿಗೆ ಕೆಟ್ಟೋರ್ಗೆ ಹಂಗೇ ಅನ್ಸದು, ನೀನ್ಯಾಕೆ ತಲೆ ಕೆಡಿಸ್ಕತೀಯೆ ಬಿಂದಿಗೆ” ಎನ್ನುವೆ. ಅಡುಗೆಮನೆಯ ಹಲಗೆಯ ಮೇಲೆ ಅವಳ ಡಬ್ಬಿ, ನನ್ನ ಡಬ್ಬಿ, ಅವಳ ಡಬ್ಬಿ, ನನ್ನ ಡಬ್ಬಿ. ಹಗ್ಗದ ಮೇಲೆ ಅವಳ ಸೀರೆ, ನನ್ನ ಸೀರೆ. ಒಂದು ಸಲ ಅಂಕಣ್ಣ ಪೊರೆ ನೋಡಲು ಬಂದವನು ಅದನ್ನೆಲ್ಲ ಕಂಡು ಬಿದ್ದು ಬಿದ್ದು ನಕ್ಕ. “ನೀವಿಬ್ರೂ ನಾನು ಹೊಯ್ದ ಪೊರೆನೇ ಕಣ್ರವ್ವ. ಬಾಲಕ್ಕೆ ಗಂಟು ಹಾಕ್ದೋಳು ಮಾತ್ರ ನಿಮ್ಮವ್ವ” ಎಂದ. ನಾವು ನಗಲಿಲ್ಲ.

ಮಾತು ನಿಂತದ್ದು ಅವ್ವ ಹೋದ ದಿನ. ಅವ್ವನಿಗೆ ಉಬ್ಬಸವಿತ್ತು. ಅವತ್ತು ಮಧ್ಯಾಹ್ನ ಉಸಿರು ತೀರಾ ಬಿಗಿಯಿತು. ಅವ್ವನನ್ನೂ ತಟ್ಟೆಯನ್ನೂ ಕೆಂಪಾಜಿಗೆ ಒಪ್ಪಿಸಿ ನಾನು ಪಂಡಿತರನ್ನು ಕರೆತರಲು ಓಡಿದೆ. ಪಂಡಿತರು ಸಿಗಲಿಲ್ಲ. ಬರಿಗೈಯಲ್ಲಿ ಹಿಂದಿರುಗುವಾಗ ಊರಿನ ಅಗಸೆಬಾಗಿಲ ಹತ್ತಿರ ಸೆಳೆಹೊತ್ತು ಹಿಡಿಯಿತು. ಅಲ್ಲಿಂದ ನಮ್ಮ ಮನೆಗೆ ಎಂಟು ಬಾಗಿಲು. ಎಲ್ಲರೂ ನಿಂತರು, ನಾನೂ ನಿಂತೆ. ನಮ್ಮ ಮನೆಯ ಹೆಂಚು ಕಾಣಿಸುತ್ತಿತ್ತು, ಅದರ ಮೇಲೆ ಕೂತ ಕಾಗೆ ಕಾಣಿಸುತ್ತಿತ್ತು. ಕಂಬದ ಹಾಗೆ ನಿಂತು ಆ ಕಾಗೆಯನ್ನೇ ನೋಡಿದೆ. ರೋಮ ಇಳಿದದ್ದೇ ತಡ, ಬಿದ್ದೆನೋ ಎದ್ದೆನೋ ಎಂದು ಓಡಿದೆ. ಹಿತ್ತಿಲ ಕಡೆಯಿಂದ ನುಗ್ಗಿದವಳಿಗೆ ಮೊದಲು ಕಂಡದ್ದು ತಟ್ಟೆ. ಅದರ ಮೇಲೆ ನವಿಲಿನ ಬಣ್ಣ ಥಳಥಳ ಹೊಳೆಯುತ್ತಿತ್ತು.

ನನ್ನ ಹಿಂದೆಯೇ ಅಂಕಣ್ಣನೂ ಬಂದ. ಪೊರೆ ಮಲಗಿದರೆ ಅವನಿಗೆ ಮೂಗಿನಲ್ಲೇ ತಿಳಿಯುತ್ತದೆ. ಅಕ್ಕಪಕ್ಕದವರೂ ಸೇರಿದರು. ಒಳಗೆ ನಡುಮನೆಯಲ್ಲಿ ಕೆಂಪಾಜಿ ಅವ್ವನ ತಲೆಯ ಹತ್ತಿರ ಕುಳಿತಿದ್ದಳು. ಅವ್ವನ ಮುಖಕ್ಕೆ ಸೆರಗು ಮುಚ್ಚಿತ್ತು. ನನಗೆ ಏನು ಹಿಡಿಯಿತೋ, ತಟ್ಟೆಯನ್ನು ಎತ್ತಿಕೊಂಡು ಹೋಗಿ ಅವಳ ಮುಂದೆ ನಿಂತು ಕಿರುಚಿದೆ, “ಆರೋಗಂಟ ಹಿಡ್ಕಂಡಿದ್ದೇನೇ?”

ಅವಳು ತಲೆಯೆತ್ತಿದಳು. “ಹಿಡ್ಕಂಡಿದ್ದೆ ಕಣಕ್ಕ. ಆರೋಗಂಟ ಬಿಡ್ಲಿಲ್ಲ.”

ತಟ್ಟೆ ನನ್ನ ಕೈಯಲ್ಲೇ ಹೊಳೆಯುತ್ತಿದೆ, ಇವಳು ನೋಡಿದರೆ ಹೀಗೆ ಹೇಳುತ್ತಾಳೆ. ಅಷ್ಟು ಜನರ ಮುಂದೆ, “ಸುಳ್ಳಿ” ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ ಅವ್ವನ ಕಡೆ ತಿರುಗಿಕೊಂಡಳು. ಆಮೇಲೆ ನನ್ನ ಕಡೆ ತಿರುಗಲಿಲ್ಲ. ಅಂಕಣ್ಣ ಎರಡನೆಯ ಪೊರೆ ತಂದುಕೊಟ್ಟ. ಅವತ್ತಿನಿಂದ ತಟ್ಟೆಯನ್ನು ನಾನು ಅವಳಿಗೆ ಮುಟ್ಟಗೊಡಲಿಲ್ಲ. ಸುಳ್ಳಿಯ ಕೈಗೆ ನೀರು ಕೊಡುವುದುಂಟೇ ಎಂದು ಬಿಂದಿಗೆಗೆ ಹೇಳುತ್ತಿದ್ದೆ. ಎಷ್ಟು ಸಲ ಹೇಳಿದೆನೋ.

ಈ ಸಲ ಹತ್ತಿ ಬಿಡಿಸುವ ಕಾಲಕ್ಕೆ ಕೆಂಪಾಜಿಗೆ ಜ್ವರ ಬಂತು. ಮೊದಲ ದಿನ ಬತ್ತಿಯ ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗಿದಳು. “ಗಂಜಿ ಮಾಡಿಟ್ಟಿವ್ನಿ ಬಿಂದಿಗೆ, ಹಸಿದೋರು ಕುಡೀಬೋದು” ಎಂದೆ. “ಬಾಯಿ ವಿಷ ಆಗೈತೆ ಬಿಂದಿಗೆ” ಎಂದಳು. ಎರಡನೆಯ ದಿನ “ಒಂದಿಷ್ಟು ಉಪ್ಪಿನಕಾಯಿ ಹಾಕಿವ್ನಿ” ಎಂದೆ. “ಹೂಂ ಬಿಂದಿಗೆ” ಎಂದಳು. ಮೂರನೆಯ ದಿನ ನಾನು ಏನು ಹೇಳಿದರೂ ಅವಳು ಬಿಂದಿಗೆಗೂ ಉತ್ತರ ಕೊಡಲಿಲ್ಲ. ಆಗ ನನಗೆ ಭಯವಾಯಿತು. ಹನ್ನೊಂದು ವರ್ಷದಲ್ಲಿ ಮನೆ ಅಷ್ಟು ಮೌನವಾದದ್ದು ಅದೇ ಮೊದಲು. ಹೋಗಿ ಹಣೆ ಮುಟ್ಟಿದೆ, ಕೈ ಸುಟ್ಟಿತು.

ಪಂಡಿತರು ಬಂದು ಕಷಾಯ ಕುಡಿಸಿ, ನಾಡಿ ಹಿಡಿದು ಕುಳಿತರು. “ಇವತ್ತು ಸಂಜೆ ಒಳಗೆ ಬೆವತ್ರೆ ಉಳ್ಕಂಡ್ಲು ಅಂತ ಲೆಕ್ಕ. ಪಕ್ಕದಲ್ಲಿ ಯಾರಾದ್ರೂ ಇರ್ಬೇಕು ತಾಯಿ, ಒಬ್ಳನ್ನೇ ಬಿಡ್ಬೇಡಿ” ಎಂದು ಹೇಳಿ ಹೊರಟರು. ಸಂಜೆಯೊಳಗೆ ಸೆಳೆಹೊತ್ತು ಬರುತ್ತದೆ. ಆಗ ಅಕ್ಕಪಕ್ಕದವರೆಲ್ಲ ಅವರವರ ತಟ್ಟೆಗೆ ಅಂಟಿಕೊಂಡಿರುತ್ತಾರೆ, ಯಾರನ್ನು ಕರೆಯಲಿ? ಅವಳ ಹಾಸಿಗೆಯನ್ನು ಹಿಂಬಾಗಿಲ ಹತ್ತಿರಕ್ಕೆ ಎಳೆದುಕೊಂಡೆ. ಜಗಲಿಯಲ್ಲಿ ನಿಂತರೆ ಅವಳು ಕಾಣುವ ಹಾಗೆ ಮಾಡಿಕೊಂಡು, ಕೆಂಡ ತುಂಬಿ, ತಟ್ಟೆಗೆ ಕೈ ಊರಿದೆ. ಹತ್ತು ಹೆಜ್ಜೆ ದೂರ, ಕಣ್ಣೆದುರೇ ಇದ್ದಾಳಲ್ಲ ಎಂದುಕೊಂಡೆ.

ಸೆಳೆತ ಶುರುವಾಯಿತು. ತೋಳಿನ ರೋಮ ಎದ್ದಿತು, ಕಿವಿಯ ಹಿಂದಿನ ಬಿಳಿಗೂದಲು ಎದ್ದಿತು. ಬೀದಿಯಲ್ಲಿ ಗಾಡಿಯ ಸದ್ದು ನಿಂತಿತು. ಒಳಗೆ ಕೆಂಪಾಜಿಯ ಬುಟ್ಟಿಯಿಂದ ಹತ್ತಿಯ ಎಸಳುಗಳು ಒಂದೊಂದೇ ಮೇಲೆದ್ದು, ಬಿಸಿಲುಕೋಲಿನಲ್ಲಿ ತೇಲತೊಡಗಿದವು. ಅಂಗೈಯ ಕೆಳಗೆ ಪೊರೆ ಮೆತ್ತಗಾದದ್ದು ಗೊತ್ತಾಯಿತು. ಗೆರೆಗಳು ಏಳುತ್ತಿರುವುದೂ ಗೊತ್ತಾಯಿತು. ನಿದ್ದೆಯ ಮಗುವನ್ನು ಎತ್ತಿ ನಿಲ್ಲಿಸಿದಾಗ ಅದು ಮೊದಲು ಜೋತುಬಿದ್ದು ಆಮೇಲೆ ಕಾಲೂರುತ್ತದಲ್ಲ, ಹಾಗೆ. ಕೆಂಡದ ಬಟ್ಟಲನ್ನು ಕಾಲಿನಿಂದ ಸರಿಸಿದೆ. ಇನ್ನು ಆರುವುದೊಂದೇ ಬಾಕಿ.

ಆಗ ಕೆಂಪಾಜಿ ಮಾತಾಡಿದಳು. ಜ್ವರ ನೆತ್ತಿಗೇರಿ ಬಂದ ಮಾತು. ನನಗಲ್ಲ, ಬಿಂದಿಗೆಗೂ ಅಲ್ಲ. “ಬಿಡಲ್ಲ ಕಣವ್ವ” ಎಂದಳು. “ತಟ್ಟೆ ಹೋದ್ರೆ ಹೋಗ್ಲಿ. ನಿನ್ನ ಕೈ ಆರೋಗಂಟ ಬಿಡಲ್ಲ.” ಅವಳ ಬಲಗೈ ಹಾಸಿಗೆಯಿಂದ ಮೇಲೆದ್ದು, ತೇಲುವ ಹತ್ತಿಯ ನಡುವೆ, ಇಲ್ಲದ ಒಂದು ಕೈಯನ್ನು ಹಿಡಿದುಕೊಂಡಿತ್ತು.

ನಾನು ತಟ್ಟೆಯ ಮೇಲೆ ಕೈ ಊರಿಕೊಂಡೇ ಅದನ್ನು ನೋಡಿದೆ. ಆರೋಗಂಟ ಹಿಡ್ಕಂಡಿದ್ದೆ ಕಣಕ್ಕ. ಅವಳು ಅವತ್ತು ಹೇಳಿದ್ದು ತಟ್ಟೆಯನ್ನಲ್ಲ, ಅವ್ವನನ್ನು. ಅವ್ವನ ಕೈಯ ಬಿಸಿ ಪೂರ್ತಿ ಆರುವವರೆಗೂ ಅವಳು ಬಿಟ್ಟಿರಲಿಲ್ಲ. ಒಂದಕ್ಷರ ಸುಳ್ಳು ಹೇಳಿರಲಿಲ್ಲ. ಸುಳ್ಳು ನನ್ನಲ್ಲಿತ್ತು. ಎಂಟು ಬಾಗಿಲು ದೂರದಲ್ಲಿ ಕಾಗೆ ನೋಡುತ್ತ ನಿಂತವಳು ನಾನು. ಓಡಿ ಬಂದಿದ್ದರೆ ಅವ್ವನ ಉಸಿರು ಸಿಗುತ್ತಿತ್ತು. ಆ ನಾಚಿಕೆಯನ್ನು ನುಂಗಲಾರದೆ ತಟ್ಟೆಯ ನೆಪ ಮಾಡಿ ಅವಳ ಮುಖಕ್ಕೆ ಉಗಿದೆ. ಇವತ್ತು ಎಂಟು ಬಾಗಿಲೂ ಇಲ್ಲ, ಹತ್ತೇ ಹೆಜ್ಜೆ, ಮತ್ತೆ ಕಂಬದ ಹಾಗೆ ನಿಂತಿದ್ದೇನೆ.

ಪೊರೆ ಇನ್ನೂ ಬೆಚ್ಚಗಿತ್ತು. ಇದು ಎರಡನೆಯದು, ಮೂರನೆಯದಿಲ್ಲ. ರಂಗಮ್ಮನ ಮುಖ ಕಣ್ಣಮುಂದೆ ಬಂತು. ಬರಲಿ ಎಂದು ಕೈ ಎತ್ತಿದೆ. ಚಿಟ್ಟೆಂದು ಒಂದು ಕಿಡಿ ಬೆರಳನ್ನು ಕಚ್ಚಿತು.

ಐವತ್ನಾಲ್ಕು ವರ್ಷದಲ್ಲಿ ಸೆಳೆಹೊತ್ತಿನಲ್ಲಿ ನಾನು ಹೆಜ್ಜೆ ಎತ್ತಿದ್ದು ಅದೇ ಮೊದಲು. ಹೇಗಿರುತ್ತದೆಂದು ಯಾರೂ ಹೇಳಿರಲಿಲ್ಲ, ಯಾರಿಗಾದರೂ ಗೊತ್ತಿದ್ದರೆ ತಾನೆ. ಪಾದ ನೆಲಕ್ಕೆ ಮುಟ್ಟಿದ್ದೂ ತಿಳಿಯದಷ್ಟು ಹಗುರ. ಬಳೆಗಳು ತಾವಾಗಿಯೇ ಮೊಣಕೈಗೆ ಏರಿದವು. ಸೀರೆಯ ನೆರಿಗೆ ಅರಳಿ ಕೊಡೆಯಾಯಿತು. ಹತ್ತಿಯ ಎಸಳು ಕೆನ್ನೆಗೆ ತಾಕಿ ಹಾದುಹೋಯಿತು. ಬೆನ್ನ ಹಿಂದೆ ತಟ್ಟೆಯಿಂದ ನೀಲಿ ಬಂತು, ಹಸಿರು ಬಂತು, ಗೋಡೆಯ ಮೇಲೆಲ್ಲ ಹರಿದಾಡಿತು. ನಾನು ತಿರುಗಿ ನೋಡಲಿಲ್ಲ. ಹೋಗಿ ಕೂತು, ಗಾಳಿಯಲ್ಲಿ ನಿಂತಿದ್ದ ಕೆಂಪಾಜಿಯ ಕೈಯೊಳಗೆ ನನ್ನ ಕೈ ಇಟ್ಟೆ. ಅವಳು ಗಟ್ಟಿಯಾಗಿ ಹಿಡಿದಳು. ಆ ಕೈಯ ಬಿಸಿಯ ಮುಂದೆ ಕೆಂಡ ಏನೂ ಅಲ್ಲ.

ಸೆಳೆತ ಕಳೆಯಿತು, ಹತ್ತಿ ನೆಲಕ್ಕಿಳಿಯಿತು, ಬೀದಿಯಲ್ಲಿ ಗಾಡಿ ಹೊರಟಿತು. ನಾನು ಕೈ ಬಿಡಲಿಲ್ಲ. ಬಿಸಿಲುಕೋಲು ಗೋಡೆ ಹತ್ತುವ ಹೊತ್ತಿಗೆ ಅವಳ ಅಂಗೈ ಆರತೊಡಗಿತು. ಇದು ಯಾವ ಆರುವುದು? ಜ್ವರ ಆರುತ್ತಿದೆಯೋ, ದೀಪವೇ ಆರುತ್ತಿದೆಯೋ? ಬಗ್ಗಿ ನೋಡಿದೆ. ಅವಳ ಮೇಲ್ತುಟಿಯ ಮೇಲೆ ಒಂದು ಹನಿ ಕಂಡಿತು. ಆಮೇಲೆ ಹಣೆಯ ಮೇಲೆ. ಆಮೇಲೆ ಕತ್ತಿನಲ್ಲಿ, ರವಿಕೆಯ ಬೆನ್ನಿನಲ್ಲಿ, ಧಾರಾಕಾರ. ಬೆವರನ್ನು ನೋಡಿ ಯಾರಾದರೂ ಹಾಗೆ ಅತ್ತಿದ್ದಾರೋ ಇಲ್ಲವೋ, ನಾನು ಗೊಳೋ ಎಂದು ಅತ್ತುಬಿಟ್ಟೆ.

ಕೆಂಪಾಜಿ ಕಣ್ಣು ಬಿಟ್ಟಳು. “ನೀರು” ಎಂದಳು. ನಿನ್ನೆಯ ನೀರು ಅರ್ಧ ಬಿಂದಿಗೆ ಉಳಿದಿತ್ತು. ಕುಡಿಸಿದೆ. ಕುಡಿದು, ಗೋಡೆಯ ಮೇಲೆ ಇನ್ನೂ ಮಿನುಗುತ್ತಿದ್ದ ಹಸಿರನ್ನು ನೋಡಿದಳು, ನನ್ನನ್ನು ನೋಡಿದಳು.

“ತಟ್ಟೆ?”

“ಹೋಯ್ತು.”

“ಎರಡನೇದು ಕಣಕ್ಕ ಅದು.”

“ಗೊತ್ತು ಕಣೆ.” ಹನ್ನೊಂದು ವರ್ಷದ ಮೇಲೆ ಅವಳು ನನಗೆ ಆಡಿದ ಮಾತು, ನಾನು ಅವಳಿಗೆ ಕೊಟ್ಟ ಉತ್ತರ. ಮಧ್ಯೆ ಬಿಂದಿಗೆ ಇರಲಿಲ್ಲ. ನಾನು ಕೇಳಿದೆ, “ಅವತ್ತು ಅವ್ವನ ಕೈ ಹಿಡ್ಕಂಡಿದ್ದೆ ಅಂತ ಬಿಡಿಸಿ ಹೇಳ್ಬಾರ್ದಾಗಿತ್ತೇನೇ?”

ಅವಳು ಕತ್ತಿನ ಬೆವರು ಒರೆಸಿಕೊಂಡಳು. “ನೀನು ಕೇಳಿದ್ದೂ ಅವ್ವನ್ನೇ ಅನ್ಕಂಡಿದ್ದೆ. ಸುಳ್ಳಿ ಅಂದ್ಯಲ್ಲ, ಆಗ ಗೊತ್ತಾಯ್ತು ತಟ್ಟೆನ ಕೇಳಿದ್ದು ಅಂತ. ಅವ್ವ ಅಲ್ಲಿ ಹಂಗೆ ಮಲಗಿರೋವಾಗ ತಟ್ಟೆ ಕೇಳೋಳತ್ರ ಏನ್ ಮಾತು ಅಂತ ಸುಮ್ನಾದೆ.”

“ನಾನು ಅಗಸೆ ಹತ್ರ ನಿಂತ್ಬುಟ್ಟಿದ್ದೆ ಕೆಂಪಿ. ಓಡಿ ಬರ್ಬೋದಾಗಿತ್ತು. ಬರ್ಲಿಲ್ಲ.”

“ಅವ್ವಂಗೆ ಗೊತ್ತಿತ್ತು ಬಿಡು. ‘ಹೊನ್ನಿ ಎಲ್ಲೋ ಸಿಕ್ಕಾಕಂಡು ನಿಂತವಳೆ, ಬತ್ತಾಳೆ’ ಅಂದ್ಲು. ಅದೇ ಕಡೇ ಮಾತು.” ಅವಳು ಹೇಳುತ್ತ ಹೇಳುತ್ತ ನನ್ನ ಕೈಯನ್ನು ಇನ್ನೊಂದು ಕೈಯಿಂದಲೂ ಮುಚ್ಚಿದಳು. ಹನ್ನೊಂದು ವರ್ಷ ಆ ಮಾತು ಇದೇ ಮನೆಯಲ್ಲಿ, ನನ್ನ ಡಬ್ಬಿಯ ಪಕ್ಕದ ಡಬ್ಬಿಯಲ್ಲಿ ಇತ್ತು. ಕೇಳಿದ್ದರೆ ಸಿಗುತ್ತಿತ್ತು. ನಾನು ಕೇಳಿರಲಿಲ್ಲ.

ಆಮೇಲೆ ಅವಳೇ, “ಇನ್ಮೇಲೆ ಕೆರೆ ನೀರೇ ಗತಿ” ಎಂದಳು. “ನಿನ್ನ ಕನಸು ನಂಗೆ ಬಂದ್ರೆ ಏನಕ್ಕ ಮಾಡ್ಲಿ?”

“ಬಂದ್ರೆ ಹೇಳು. ನನ್ನ ಕನಸು ನಂಗೆ ಒಂದಿನಾನೂ ನೆಟ್ಟಗೆ ನೆನಪಿರಲ್ಲ.”

“ಊರೋರ್ದೆಲ್ಲ ಬತ್ತದೆ. ಯಾವ್ದು ನಮ್ದು ಅಂತ ಹೆಂಗೆ ಗೊತ್ತಾಯ್ತದೆ?”

“ಬೆಳಿಗ್ಗೆ ಎದ್ದು ಇಬ್ರೂ ಕೂತ್ಕಂಡು ಆರ್ಸನ” ಎಂದೆ. “ರಂಗಮ್ಮಂಗೆ ಕೇಳೋರು ಯಾರೂ ಇರ್ಲಿಲ್ಲ. ಅದ್ಕೇ ಅವ್ಳಿಗೆ ಹಂಗಾಯ್ತು.” ಧೈರ್ಯಕ್ಕೆ ಹೇಳಿದ ಮಾತು. ಆದರೆ ಹೇಳಿದ ಮೇಲೆ ನನಗೂ ನಿಜವೆನ್ನಿಸಿತು.

ಹಿತ್ತಿಲಲ್ಲಿ ಕೆಮ್ಮಿದ ಸದ್ದಾಯಿತು. ಅಂಕಣ್ಣ. ಮೂಗಿನಲ್ಲೇ ತಿಳಿದುಕೊಂಡು, ಕೋಲೂರಿಕೊಂಡು ಬಂದಿದ್ದ. ಜಗಲಿಯ ಮೇಲಿನ ತಟ್ಟೆಯನ್ನು ಎತ್ತಿ, ಸಂಜೆಯ ಬೆಳಕಿಗೆ ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿಸಿ ನೋಡಿದ. ಅವನ ಬಿಳಿಯ ಹುಬ್ಬು ನೀಲಿಯಾಯಿತು, ಹಸಿರಾಯಿತು. ತಾನೇ ಗಂಟು ಹಾಕಿ ಹೊಯ್ದದ್ದು, ಅವನಿಗೂ ಸಂಕಟವಾಗಿರಬೇಕು. ನಾನು ಎದ್ದು ಬಾಗಿಲಿಗೆ ಹೋದೆ. ಅವನು ನನ್ನ ಮುಖ ನೋಡದೆ, ಕೇಳಲೇಬೇಕಾದ್ದನ್ನು ಕೇಳಿದ.

“ಆರೋಗಂಟ ಹಿಡ್ಕಂಡಿದ್ದೇನವ್ವ ಹೊನ್ನಾಜಿ?”

“ಹಿಡ್ಕಂಡಿದ್ದೆ ಕಣಣ್ಣ” ಎಂದೆ. “ಆರೋಗಂಟ ಬಿಡ್ಲಿಲ್ಲ.”

ಅಂಕಣ್ಣ ತಲೆಯೆತ್ತಿದ. ಕೈಯಲ್ಲಿ ಥಳಥಳ ಹೊಳೆಯುವ ತಟ್ಟೆಯನ್ನು ನೋಡಿದ, ನನ್ನನ್ನು ನೋಡಿದ, ಏನೂ ಅರ್ಥವಾಗದೆ ಬಾಯಿ ತೆರೆದ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ, ಹಾಸಿಗೆಯಲ್ಲಿ ಮಲಗಿದ್ದ ಕೆಂಪಾಜಿ, ಜ್ವರ ಬಿಟ್ಟ ಒಡಕು ದನಿಯಲ್ಲಿ, ನಗು ತಡೆಯಲಾರದೆ ಕೂಗಿದಳು:

“ಸುಳ್ಳಿ!”